ಮೂರನೇ ಸಾಲಿನ ಹೆಂಗಸು

ಫೆಬ್ರವರಿ 4, ಮಂಗಳವಾರ

ಕಾಲಿಗೆ ಪ್ಲಾಸ್ಟರ್ ಹಾಕಿ ಇಂದಿಗೆ ಆರು ದಿನ. ಇನ್ನೂ ಐದು ವಾರ ಹೀಗೇ ಬಿದ್ದಿರಬೇಕಂತೆ. ಮೂಳೆ ಡಾಕ್ಟರ್ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು "ಕೂದಲೆಳೆಯಷ್ಟು ಬಿರುಕು" ಎಂದ. ಕೂದಲೆಳೆ ಎಂದರೆ ಎಷ್ಟು ಎಂದು ಕೇಳಿದೆ. ಹೇಳಲು ಬರಲಿಲ್ಲ. ಅಳತೆಯೇ ಗೊತ್ತಿಲ್ಲದವನು ಐದು ವಾರ ಎಂದು ಹೇಗೆ ಹೇಳಿದ?

ಇಪ್ಪತ್ತೆಂಟು ವರ್ಷ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿದವನು ನಾನು. ಬಿದ್ದದ್ದೂ ಒಂದು ತಕ್ಕಡಿಯ ದೆಸೆಯಿಂದಲೇ. ಕಬ್ಬಿಣದಂಗಡಿಯವನು ತೂಗುಹಾಕಿದ್ದ ತಕ್ಕಡಿಯ ಕೊಕ್ಕೆ ನೋಡಲು ಸ್ಟೂಲು ಹತ್ತಿದೆ. ಮೊದಲು ಸ್ಟೂಲಿನ ಕಾಲು ಮುರಿಯಿತು, ಆಮೇಲೆ ನನ್ನದು. ಆ ಸ್ಟೂಲನ್ನು ಅವನು ಬೇಕೆಂದೇ ಕೊಟ್ಟನೆಂದು ನನ್ನ ಗುಮಾನಿ. "ಪಾಪ, ಅವನೇ ತನ್ನ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡು ಬಂದ್ನಲ್ಲ ರೀ," ಎನ್ನುತ್ತಾಳೆ ಇವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಪ್ಪಿಲ್ಲದವನು ಅಷ್ಟೊಂದು ಉಪಚಾರ ಏಕೆ ಮಾಡುತ್ತಾನೆ?

ಇಲಾಖೆಯ ತಪಾಸಣೆ ಪುಸ್ತಕ ಒಂದು ಖಾಲಿ ಉಳಿದಿತ್ತು. ತಕ್ಕಡಿ ಇಲ್ಲದಿದ್ದರೇನು, ಎದುರಿಗೆ ಟಿವಿ ಇದೆ. ಅದನ್ನೇ ತಪಾಸಣೆ ಮಾಡುತ್ತೇನೆ.

ಫೆಬ್ರವರಿ 5, ಬುಧವಾರ

ಭಾಮೈದ ಬಂದಿದ್ದ. ಲಿಫ್ಟ್ ರಿಪೇರಿ ಮಾಡುವವನು. ನಲವತ್ತಾರು ವರ್ಷ, ಎರಡು ಮಕ್ಕಳ ತಂದೆ, ಆದರೂ ಎದೆಯ ಮೇಲೆ ರೆಕ್ಕೆಯ ಚಿತ್ರವಿರುವ ಟೀ ಶರ್ಟ್ ಹಾಕುತ್ತಾನೆ. ಪೆನ್ ಡ್ರೈವಿನಲ್ಲಿ ಹನ್ನೊಂದು ಸೂಪರ್‌ಹೀರೋ ಸಿನಿಮಾ ತುಂಬಿಕೊಂಡು ಬಂದಿದ್ದ. "ಹೊತ್ತು ಹೋಗೋದೇ ಗೊತ್ತಾಗಲ್ಲ ನೋಡಿ ಭಾವ," ಎಂದ.

ಮೊದಲನೆಯದನ್ನು ನೋಡಿದೆವು. ಹಾರುವ ಮನುಷ್ಯನೊಬ್ಬ ಸೇತುವೆಯಿಂದ ಉರುಳುತ್ತಿರುವ ಬಸ್ಸನ್ನು ಹಿಂದಿನ ಬಂಪರ್ ಹಿಡಿದು ನಿಲ್ಲಿಸುತ್ತಾನೆ. ಬಸ್ಸು, ಜನ, ಸಾಮಾನು ಎಲ್ಲ ಸೇರಿ ಹದಿನಾಲ್ಕು ಟನ್ನಿಗೆ ಕಮ್ಮಿಯಿಲ್ಲ. ಅವನ ತೋಳಿಗೆ ಶಕ್ತಿ ಇದೆ, ಒಪ್ಪೋಣ. ಬಂಪರಿಗೆ ಯಾರು ಶಕ್ತಿ ಕೊಟ್ಟರು? ಅದನ್ನು ಹಿಡಿದಿರುವುದು ನಾಲ್ಕು ಬೋಲ್ಟು. ಬಂಪರ್ ಅವನ ಕೈಯಲ್ಲಿ ಉಳಿದು ಬಸ್ಸು ನದಿಗೆ ಹೋಗಬೇಕಿತ್ತು. "ಸಿನಿಮಾ ನೋಡಿ ಅಂದ್ರೆ ಬೋಲ್ಟು ನೋಡ್ತೀರಲ್ಲ!" ಎಂದು ಭಾಮೈದ ಹಣೆ ಚಚ್ಚಿಕೊಂಡ. ಆದರೆ ಬೆನ್ನಿಗೆ ಕಟ್ಟಿಕೊಳ್ಳುವ ಆ ಉದ್ದದ ಬಟ್ಟೆಯ ವಿಷಯದಲ್ಲಿ ಅವನೂ ನನ್ನ ಕಡೆಯೇ. ಅದನ್ನು ಹಾಕಿಕೊಂಡು ಲಿಫ್ಟ್ ಹತ್ತಿದರೆ ಬಾಗಿಲಿಗೆ ಸಿಕ್ಕಿ ಎರಡನೇ ಮಹಡಿಗೇ ಕಥೆ ಮುಗಿಯುತ್ತದಂತೆ.

ಹಾಲಿನ ಪುಡಿಯ ಡಬ್ಬಿ ತೆಗೆಯುವಾಗ ತಗಡು ತಾಗಿ ಇವಳ ಎಡಗೈ ತೋರುಬೆರಳು ಕೊಯ್ದುಹೋಯಿತು. ಪಟ್ಟಿ ಕಟ್ಟಿಕೊಂಡಳು. ಡಬ್ಬಿಯ ಮೇಲೆ ನಾನೂರು ಗ್ರಾಂ ಎಂದು ಬರೆದಿತ್ತು. ಇವಳ ಕೈಯಲ್ಲೇ ತೂಗಿಸಿದೆ, ಮುನ್ನೂರ ತೊಂಬತ್ತೊಂದು.

ಫೆಬ್ರವರಿ 6, ಗುರುವಾರ

ಇವಳು ಮಧ್ಯಾಹ್ನ ಒಂದಕ್ಕೆ ಹೋದವಳು ಆರಕ್ಕೆ ಬಂದಳು. ಪ್ರತಿ ಗುರುವಾರ ಹೊಲಿಗೆ ಕ್ಲಾಸಂತೆ. ನಾಲ್ಕು ತಿಂಗಳಿಂದ ನಡೆಯುತ್ತಿದೆಯಂತೆ. ನಾನು ಕೆಲಸಕ್ಕೆ ಹೋಗುವಾಗ ಇದು ಗಮನಕ್ಕೆ ಬಂದಿರಲಿಲ್ಲ.

ಐದು ಗಂಟೆ ಹೊಲಿಗೆ ಹಾಕಿದವಳಿಗೆ ಬೆನ್ನು ನೋಯಬೇಕು, ಕಣ್ಣು ಸೋತಿರಬೇಕು. ಕಣ್ಣೇನೋ ಕೆಂಪಗಿತ್ತು. ಆದರೆ ಮುಖ ಹಗುರವಾಗಿತ್ತು, ದೊಡ್ಡ ಮೂಟೆ ಇಳಿಸಿ ಬಂದವರ ಹಾಗೆ. "ಏನು ಹೊಲಿದೆ?" ಎಂದೆ. "ಅಂಚು," ಎಂದಳು. ಯಾವುದರ ಅಂಚು ಎಂದು ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು.

ಫೆಬ್ರವರಿ 8, ಶನಿವಾರ

ಸಂಜೆ ಏಳಕ್ಕೆ ಹಾಡಿನ ಸ್ಪರ್ಧೆ. ನಮ್ಮ ಊರಲ್ಲೇ ಚಿತ್ರೀಕರಣವಾಗುತ್ತದಂತೆ. ಮೂವರು ತೀರ್ಪುಗಾರರು. ಒಬ್ಬ ಎಲ್ಲದಕ್ಕೂ ನಗುತ್ತಾನೆ, ಒಬ್ಬಳು ಎದೆಗೆ ಕೈ ಇಟ್ಟುಕೊಳ್ಳುತ್ತಾಳೆ, ಇನ್ನೊಬ್ಬ ಮಾತುಮಾತಿಗೆ ಎದ್ದು ನಿಲ್ಲುತ್ತಾನೆ. ಅವರ ಅಂಕಗಳನ್ನು ನಾನು ನಂಬುವುದಿಲ್ಲ. ನನ್ನದೇ ಪಟ್ಟಿ ಇಟ್ಟಿದ್ದೇನೆ.

ಬಸ್ ಚಾಲಕ: ಹತ್ತಕ್ಕೆ ಆರು. ದನಿ ಇದೆ, ಉಸಿರಿಲ್ಲ.
ಬೇಕರಿಯ ಅಣ್ಣತಮ್ಮಂದಿರು: ನಾಲ್ಕು. ತಮ್ಮ ತುಟಿ ಆಡಿಸುತ್ತಾನೆ ಅಷ್ಟೇ.
ನರ್ಸ್: ಮೂರು. ಆಸ್ಪತ್ರೆಯವರನ್ನು ನಾನು ನಂಬುವುದಿಲ್ಲ. ಕಾರಣ ಇದೆ.

ನರ್ಸ್ ಹಾಡುವಾಗ ಪ್ರೇಕ್ಷಕರನ್ನು ತೋರಿಸಿದರು. ಮೂರನೇ ಸಾಲಿನಲ್ಲಿ ಕಡುಹಸಿರು ಕೋಟಿನ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಎಡಗೈ ತೋರುಬೆರಳಿಗೆ ಪಟ್ಟಿ. ಭುಜ ಕುಣಿಯುತ್ತಿತ್ತು. ಅಳಲು ಆ ಹಾಡಿನಲ್ಲಿ ಏನಿತ್ತೋ ದೇವರೇ ಬಲ್ಲ. "ನೋಡೇ ಇಲ್ಲಿ, ನಾಟಕ!" ಎಂದು ಇವಳನ್ನು ಕೂಗಿದೆ. ಬರಲಿಲ್ಲ. ಈ ಕಾರ್ಯಕ್ರಮ ಬಂದರೆ ಸಾಕು, ಇವಳು ಅಡುಗೆಮನೆ ಸೇರುತ್ತಾಳೆ.

ಫೆಬ್ರವರಿ 9, ಭಾನುವಾರ

ಭಾಮೈದನ ಇನ್ನೊಂದು ಸಿನಿಮಾ. ಇದರಲ್ಲಿ ಹೀರೋ ಕಣ್ಣಿನ ಸುತ್ತ ಎರಡು ಬೆರಳಗಲದ ಕಪ್ಪು ಪಟ್ಟಿ ಕಟ್ಟಿಕೊಂಡರೆ ಅವನ ಹೆಂಡತಿಗೇ ಗುರುತು ಸಿಗುವುದಿಲ್ಲ. ಅದೇ ಗದ್ದ, ಅದೇ ದನಿ, ಅದೇ ನಡಿಗೆ. ಎದುರಿಗೆ ನಿಂತು "ಯಾರು ನೀನು?" ಎನ್ನುತ್ತಾಳೆ. ಇಂಥ ಸುಳ್ಳನ್ನು ಹೇಗೆ ನುಂಗುತ್ತಾರೋ ಜನ. ಒಂದೇ ಮನೆಯಲ್ಲಿ ಬಾಳುವವರಿಗೆ ಒಬ್ಬರ ಕೆಮ್ಮು ಕೇಳಿದರೂ ಸಾಕು, ಯಾರೆಂದು ತಿಳಿಯುತ್ತದೆ.

ಮಧ್ಯಾಹ್ನ ಮಗಳ ಕಡತ ತೆಗೆಸಿದೆ. ಮಗಳು ಹೋಗಿ ಮೂರು ವರ್ಷ ಎರಡು ತಿಂಗಳು. ಹತ್ತೊಂಬತ್ತು ವಯಸ್ಸು, ನಾಲ್ಕು ದಿನದ ಜ್ವರ. ಆಸ್ಪತ್ರೆಗೆ ನಾನು ಬರೆದದ್ದು ನಲವತ್ತೊಂದು ಪತ್ರ. ಮೂರು ಸಲ ವಿಚಾರಣೆ ಮಾಡಿ ಮೂರು ಸಲವೂ ಯಾರ ತಪ್ಪೂ ಇಲ್ಲ ಎಂದಿದ್ದಾರೆ. ಎಲ್ಲ ಗಂಟೆಗಳೂ ಕಡತದಲ್ಲಿವೆ, ಒಂದನ್ನು ಬಿಟ್ಟು. ಕೊನೆಯ ದಿನ ಸಂಜೆ ನಾಲ್ಕು ಹತ್ತರಿಂದ ಐದು ಇಪ್ಪತ್ತೈದರವರೆಗೆ ಏನಾಯಿತು ಎಂಬುದಕ್ಕೆ ದಾಖಲೆಯಿಲ್ಲ. ನಾನು ಆಗ ಕೆಳಗೆ ಔಷಧಿ ಕೌಂಟರಿನಲ್ಲಿದ್ದೆ. ಮೇಲೆ ಇವಳಿದ್ದಳು, ಒಬ್ಬ ನರ್ಸ್ ಇದ್ದಳು. ನಾನು ಹತ್ತಿ ಬರುವಷ್ಟರಲ್ಲಿ ಮುಗಿದಿತ್ತು.

ಕಡತ ಕಂಡ ಕೂಡಲೇ ಇವಳು ಬಟ್ಟೆ ಒಣಹಾಕಲು ಎದ್ದು ಹೋದಳು. ಬಕೆಟ್ಟಿನಲ್ಲಿ ಬಟ್ಟೆ ಇರಲಿಲ್ಲ.

ಫೆಬ್ರವರಿ 13, ಗುರುವಾರ

ಹೊಲಿಗೆ ಕ್ಲಾಸಿನಿಂದ ಬಂದವಳನ್ನು ಹೊಲಿದದ್ದು ತೋರಿಸು ಎಂದೆ. ಒಂದು ದಿಂಬಿನ ಚೀಲ ತಂದುಕೊಟ್ಟಳು. ಸ್ಕೇಲ್ ಇಟ್ಟು ನೋಡಿದೆ. ಒಂದಿಂಚಿಗೆ ಹನ್ನೆರಡು ಹೊಲಿಗೆ, ಎಲ್ಲೂ ಕೂದಲಷ್ಟು ಹೆಚ್ಚುಕಮ್ಮಿ ಇಲ್ಲ. ಒಳಮೂಲೆಯಲ್ಲಿ ಅಂಗಡಿಯ ಚೀಟಿ ಕಿತ್ತ ದಾರ ಉಳಿದಿತ್ತು.

ಚೀಲವನ್ನು ಮಡಚಿ ವಾಪಸು ಕೊಟ್ಟೆ. ಕಳ್ಳ ತಕ್ಕಡಿಯವನನ್ನು ಮೊದಲ ದಿನವೇ ಹಿಡಿಯಬಾರದು.

ಫೆಬ್ರವರಿ 15, ಶನಿವಾರ

ಸಿಕ್ಕಿಬಿದ್ದರು!

ಇವತ್ತು ಬಸ್ ಚಾಲಕ ಹಾಡುವಾಗ ಅದೇ ಹಸಿರು ಕೋಟಿನ ಹೆಂಗಸು ಅತ್ತಳು. ಅದೇ ಪಟ್ಟಿ, ಅದೇ ಬಿಕ್ಕು. ವೇದಿಕೆಯ ಮೇಲೆ ನೀಲಿ ಬೆಳಕು, ಅವಳ ಕೈಮೇಲೆ ಹಳದಿ ಬೆಳಕು. ಅಂದರೆ ಅವಳು ಅತ್ತದ್ದು ಈ ಹಾಡಿಗಲ್ಲ. ಹೋದ ವಾರದ ಅಳುವನ್ನೇ ತಂದು ಅಂಟಿಸಿದ್ದಾರೆ. ಹಳೇ ತೂಕದ ಕಲ್ಲಿಗೆ ಹೊಸ ಮೊಹರು ಹೊಡೆದ ಹಾಗೆ!

ಬಸ್ ಚಾಲಕ: ಐದು. ನರ್ಸ್: ನಾಲ್ಕು. ಮೇಲಿನ ಸ್ವರದಲ್ಲಿ ಒಂದು ಕಡೆ ನಿಜವಾಗಿ ನಿಂತಳು, ಇಲ್ಲ ಎನ್ನಲಾರೆ.

ಫೆಬ್ರವರಿ 19, ಬುಧವಾರ

ಆರನೇ ಸಿನಿಮಾ. ಎಲ್ಲದರಲ್ಲೂ ಹೀರೋ ಸರಿಯಾದ ಹೊತ್ತಿಗೆ ಬರುತ್ತಾನೆ. ಕೂಸು ಕಿಟಕಿಯಿಂದ ಬೀಳುತ್ತದೆ, ನೆಲಕ್ಕೆ ಒಂದು ಗೇಣು ಇರುವಾಗ ಬಂದು ಹಿಡಿಯುತ್ತಾನೆ. ಹಾರುವುದನ್ನು ನಂಬಬಹುದು, ಬಸ್ಸನ್ನು ಎತ್ತುವುದನ್ನೂ ನಂಬಬಹುದು. ಪ್ರತಿ ಸಲ ಹೊತ್ತಿಗೆ ಸರಿಯಾಗಿ ಬರುತ್ತಾನೆ ಎಂಬುದನ್ನು ನಂಬಲಾರೆ. ಅರ್ಧಕ್ಕೇ ನಿಲ್ಲಿಸಿಬಿಟ್ಟೆ.

ಆವತ್ತು ಕೌಂಟರಿನವನು ಕೊಟ್ಟ ಬಾಟಲಿಯ ಮೇಲೆ ತಾರೀಖು ಅಳಿಸಿಹೋಗಿತ್ತು. ನಾನು ಕೇಳಿದ್ದು ಅಷ್ಟೇ. ಮೇಲಿನವರನ್ನು ಕರೆಸು ಎಂದೆ. ಅವನು ಕರೆಸಲಿಲ್ಲ. ನಾನೂ ಬಿಡಲಿಲ್ಲ. ಆಮೇಲೆ ನೋಡಿದರೆ ಆ ಔಷಧಿ ಬೇಕಾಗಿಯೇ ಇರಲಿಲ್ಲ ಎಂದರು.

ಸಂಜೆ ಇವಳ ಕಣ್ಣು ತುಂಬಿದ ಹಾಗಿತ್ತು. "ಏನಾದರೂ ನೆನಪಾಯಿತೇ? ನಾಲ್ಕು ಹತ್ತಕ್ಕೆ ನರ್ಸ್ ಏನು ಕೊಟ್ಟಳು? ಸೂಜಿಯೋ, ಮಾತ್ರೆಯೋ?" ಎಂದೆ. "ಈರುಳ್ಳಿ ಹೆಚ್ಚುತ್ತಿದ್ದೆ," ಎಂದು ಒಳಗೆ ಹೋದಳು. ಮೂರು ವರ್ಷದಿಂದ ಹೀಗೆಯೇ. ಏನನ್ನೋ ಬಚ್ಚಿಡುತ್ತಿದ್ದಾಳೆ. ಆ ನರ್ಸನ್ನು ಉಳಿಸಲು ನೋಡುತ್ತಿದ್ದಾಳೆ ಎಂದು ನನ್ನ ಗುಮಾನಿ.

ಫೆಬ್ರವರಿ 22, ಶನಿವಾರ

ಮೂರನೇ ಸಲ. ಅದೇ ಹೆಂಗಸು, ಅದೇ ಪಟ್ಟಿ. ಬೆರಳು ಕೊಯ್ದರೆ ಐದಾರು ದಿನದಲ್ಲಿ ಮಾಯುತ್ತದೆ. ಇವಳದ್ದೇ ನೋಡಿದೆನಲ್ಲ, ಮುಂದಿನ ಬುಧವಾರಕ್ಕೆ ಪಟ್ಟಿ ತೆಗೆದಿದ್ದಳು. ಇದನ್ನೂ ಪುರಾವೆಯಾಗಿ ಬರೆದುಕೊಂಡೆ.

ಇನ್ನು ಚಾನೆಲ್ಲಿಗೆ ಪತ್ರ.

ಫೆಬ್ರವರಿ 24, ಸೋಮವಾರ

ನಾಲ್ಕು ಪುಟ, ಹದಿನೇಳು ಅಂಶ. ಬೆಳಕಿನ ಬಣ್ಣ, ಪಟ್ಟಿ, ಸೆಕೆಂಡು, ಎಲ್ಲ. ಮೂರನೇ ಸಾಲಿನ ಹೆಂಗಸು ಬಾಡಿಗೆಗೆ ಅಳುವವಳು, ಆಕೆಯ ಅಳು ಕಲಬೆರಕೆ, ಇಂಥವರನ್ನು ಕೂಡಲೇ ಹೊರಹಾಕತಕ್ಕದ್ದು ಎಂದು ಮುಗಿಸಿದೆ. ಎಷ್ಟೋ ದಿನದ ಮೇಲೆ ಕೈಗೆ ಕಸುವು ಬಂದ ಹಾಗಾಯಿತು.

ಇವಳ ಕೈಯಲ್ಲೇ ಕೊಟ್ಟು ಅಂಚೆ ಡಬ್ಬಿಗೆ ಹಾಕಿಸಿದೆ. ವಿಳಾಸ ನೋಡಿ "ಟಿವಿಯವರಿಗೆ ಯಾಕ್ರೀ?" ಎಂದಳು. "ತೂಕದಲ್ಲಿ ಮೋಸ," ಎಂದೆ. ನಕ್ಕಳು. ಒಳ್ಳೆಯ ನಗು ಅವಳದು, ಈಚೆಗೆ ಕಂಡಿರಲಿಲ್ಲ.

ಮಾರ್ಚ್ 4, ಮಂಗಳವಾರ

ಚಾನೆಲ್ಲಿನಿಂದ ಫೋನು! ವಿನಯದ ದನಿಯ ಒಬ್ಬ ಮನುಷ್ಯ. "ಸರ್, ನಿಮ್ಮ ಪತ್ರ ಎಲ್ಲರೂ ಓದಿದ್ವಿ. ಇಷ್ಟು ಗಮನ ಇಟ್ಟು ನೋಡೋರು ಇದ್ದಾರೆ ಅಂತ ಗೊತ್ತಿರಲಿಲ್ಲ. ಪೇಪರಿನೋರಿಗೆಲ್ಲ ಹೇಳ್ಬೇಡಿ ದಯವಿಟ್ಟು. ಆ ಹೆಂಗಸನ್ನ ಇನ್ಮೇಲೆ ಕರೆಯಲ್ಲ."

ಮೂರು ವರ್ಷದಲ್ಲಿ, ನಲವತ್ತೆರಡು ಪತ್ರಗಳಲ್ಲಿ, ಒಂದಕ್ಕಾದರೂ ನ್ಯಾಯ ಸಿಕ್ಕಿತು.

ಮಾರ್ಚ್ 6, ಗುರುವಾರ

ಇವಳು ಒಂದಕ್ಕೆ ಹೋದವಳು ಎರಡೂವರೆಗೇ ವಾಪಸು ಬಂದಳು. ಹೊಲಿಗೆ ಟೀಚರಿಗೆ ಜ್ವರವಂತೆ. ಚಪ್ಪಲಿಯನ್ನು ಬಾಗಿಲ ಮಧ್ಯದಲ್ಲೇ ಬಿಟ್ಟಿದ್ದಳು. ಬಚ್ಚಲುಮನೆಯಲ್ಲಿ ಅರ್ಧ ಗಂಟೆ ನಲ್ಲಿ ಸುರಿಯುತ್ತಿತ್ತು. "ನೀರು ಪೋಲಾಗ್ತಿದೆ," ಎಂದು ಕೂಗಿದೆ. ನಲ್ಲಿ ನಿಂತಿತು.

ಮಾರ್ಚ್ 8, ಶನಿವಾರ

ಮೂರನೇ ಸಾಲಿನಲ್ಲಿ ಹಸಿರು ಕೋಟಿನಲ್ಲಿ ಬೇರೊಬ್ಬಳು. ಬೆರಳಿನ ತುದಿಯಿಂದ ಕಣ್ಣ ಅಂಚು ಒತ್ತಿಕೊಳ್ಳುತ್ತಾಳೆ, ಬಣ್ಣ ಕೆಡದ ಹಾಗೆ. ಈ ಹೊಸಬಳದ್ದಂತೂ ಪೂರ್ತಿ ಸೊನ್ನೆ. ಮೊದಲಿನವಳದು ಮೋಸವೇ ಆದರೂ ಅವಳನ್ನು ತೋರಿಸಿದಾಗ ನನ್ನ ಪೆನ್ನು ನಿಂತುಬಿಡುತ್ತಿತ್ತು. ಮೂರು ಸಲವೂ ಆಗಿತ್ತು. ಅದನ್ನು ಪತ್ರದಲ್ಲಿ ಬರೆದಿರಲಿಲ್ಲ.

ನರ್ಸ್: ಏಳು. ಅಂಕ ಹಾಕಿದ ಮೇಲೆ ನೋಡಿಕೊಂಡೆ, ಏಳೇ ಹಾಕಿದ್ದೇನೆ.

ಇವಳು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ.

ಮಾರ್ಚ್ 9, ಭಾನುವಾರ

ಇವಳು ಅಂಗಡಿಗೆ ಹೋಗಿದ್ದಾಗ ಭಾಮೈದ ಬಂದ. ಮುಖ ಕೆಂಡದ ಹಾಗಿತ್ತು.

"ಭಾವ, ನಿಮಗೆ ಹೇಳ್ಬಾರದು ಅಂತ ಅಕ್ಕ ಆಣೆ ಹಾಕಿಸ್ಕೊಂಡಿದ್ಲು. ಆದ್ರೆ ನಂಗೆ ತಡೆಯೋಕಾಗ್ತಿಲ್ಲ. ಆ ಟಿವಿಯವರ ಕಟ್ಟಡದ ಲಿಫ್ಟ್ ನೋಡ್ಕೊಳ್ಳೋದು ನಾನೇ. ಕುರ್ಚಿ ತುಂಬೋಕೆ ಜನ ಬೇಕು ಅಂತಿದ್ರು. ಮನಸ್ಸಿಗೆ ಒಂಚೂರು ಬದಲಾವಣೆ ಆಗ್ಲಿ ಅಂತ ಅಕ್ಕನ್ನ ಕರ್ಕೊಂಡು ಹೋದೆ. ಹಾಡು ಶುರು ಆಗೋ ಮುಂಚೇನೇ ಅವರು ಜನರ ಮುಖ ಹಿಡ್ಕೊಳ್ತಾರೆ. ನಗಿ ಅಂತಾರೆ, ಬೆರಗಾಗಿ ಅಂತಾರೆ, ಅಳಿ ಅಂತಾರೆ. ಮಿಕ್ಕೋರೆಲ್ಲ ಕಣ್ಣು ಉಜ್ಕೊಳ್ತಿದ್ರು. ಅಕ್ಕ ಅತ್ತೇ ಬಿಟ್ಲು. ಕ್ಯಾಮೆರಾ ನಿಂತ ಮೇಲೂ ಅತ್ಲು. ಅವತ್ತಿಂದ ಪ್ರತಿ ಗುರುವಾರ ತಾನೇ ಎದ್ದು ಹೋಗ್ತಿದ್ಲು. ಈಗ ಯಾವನೋ ತಲೆಕೆಟ್ಟವನು ನಾಲ್ಕು ಪುಟ ಬರೆದಿದ್ದಾನಂತೆ, ಬಾಡಿಗೆ ಅಳು ಅಂತ. ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ್ರು ಅಕ್ಕನ್ನ. ಅವನು ಕೈಗೆ ಸಿಕ್ಕರೆ ಲಿಫ್ಟ್ ಗುಂಡಿಗೆ ತಳ್ಳಿಬಿಡ್ತೀನಿ."

"ಹಸಿರು ಕೋಟು ಯಾರದು?" ಎಂದಷ್ಟೇ ಕೇಳಲು ಆಯಿತು.

"ಅವರೇ ಕೊಡ್ತಾರೆ ಭಾವ, ಎದ್ದು ಕಾಣ್ಲಿ ಅಂತ."

ಮಾರ್ಚ್ 10, ಸೋಮವಾರ

ಆ ತಲೆಕೆಟ್ಟವನು ನಾನು.

ಬೆಳಕಿನ ಬಣ್ಣ ನೋಡಿದೆ, ಸೆಕೆಂಡು ಎಣಿಸಿದೆ, ಪಟ್ಟಿ ನೋಡಿದೆ. ಇಪ್ಪತ್ತಾರು ವರ್ಷ ನನಗೆ ಅನ್ನ ಬಡಿಸಿದ ಕೈ ಎಂದು ಗೊತ್ತಾಗಲಿಲ್ಲ. ಅಳುವಾಗ ಅವಳು ಹೇಗೆ ಕಾಣುತ್ತಾಳೆಂದೇ ನಾನು ನೋಡಿರಲಿಲ್ಲ. ಬಹಳ ನಾಚಿಕೆಯಾಗುತ್ತಿದೆ.

ಮಾರ್ಚ್ 11, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಸಣ್ಣಗಾಗಿದೆ.

ಮಾರ್ಚ್ 13, ಗುರುವಾರ

ಒಂದು ಗಂಟೆಯಾಯಿತು. ಇವಳು ಹೊರಡಲಿಲ್ಲ. ಮಂಚದ ಅಂಚಿನಲ್ಲಿ ಕೂತು ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತಿದ್ದಳು. ಕೋಲೂರಿಕೊಂಡು ಹೋಗಿ ಎದುರಿಗೆ ನಿಂತೆ.

"ಆ ಪತ್ರ..." ಎಂದೆ.

"ಗೊತ್ತು ರೀ. ಅವತ್ತು ಟಿವಿಯವರ ಬಾಗಿಲಲ್ಲೇ ಓದೋಕೆ ಕೊಟ್ರು ನಂಗೆ. ಅಂಶ ಒಂದು, ಅಂಶ ಎರಡು ಅಂತ ನಂಬರ್ ಹಾಕಿ ಯಾರು ಬರೀತಾರೆ ಈ ಊರಲ್ಲಿ? ಮೊದಲ್ನೇ ಸಾಲಲ್ಲೇ ಗೊತ್ತಾಯ್ತು. ನಾನೇ ಡಬ್ಬಿಗೆ ಹಾಕಿದ್ದಲ್ವ."

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಕಲಬೆರಕೆ ಅಂತ ಬರೆದಿದ್ರಲ್ಲ, ಅದೊಂದು ಮಾತ್ರ ಬೇಜಾರಾಯ್ತು," ಎಂದಳು.

"ನೀನು ಅಂತ ಗೊತ್ತಿದ್ದರೆ ಬರೀತಿದ್ದೆನೇ?"

"ನಾನಲ್ಲದೆ ಬೇರೆಯವಳಾಗಿದ್ರೆ?"

ಪಕ್ಕದಲ್ಲಿ ಕೂತೆ. ಮನೆಯಲ್ಲಿ ಅಳದೆ ಅಷ್ಟು ದೂರ ಹೋಗಿ, ಯಾರೋ ಹೇಳಿದಾಗ, ಯಾರದೋ ಕೋಟು ಹಾಕಿಕೊಂಡು ಏಕೆ ಅಳಬೇಕಿತ್ತು ಎಂದು ಕೇಳಿದೆ.

"ಇಲ್ಲಿ ಕಣ್ಣು ಒದ್ದೆ ಆದ್ರೆ ಸಾಕು, ನೀವು ಕಡತ ತೆಗೀತೀರಿ. ನಾಲ್ಕು ಹತ್ತಕ್ಕೆ ಏನಾಯ್ತು, ಸೂಜಿನೋ ಮಾತ್ರೆನೋ. ಅಲ್ಲಿ ಯಾರೂ ಏನೂ ಕೇಳಲ್ಲ ರೀ. ಒಬ್ಬ ಹುಡುಗಿ ಬಂದು 'ಅಮ್ಮಾ, ಈಗ ಅಳಿ' ಅಂತಾಳೆ. ಅತ್ತಾದ ಮೇಲೆ ಚಹಾ ಕೊಡ್ತಾರೆ."

"ಇನ್ನು ಎಲ್ಲಿ ಅಳ್ತೀಯ?" ಎಂದೆ.

"ಗೊತ್ತಿಲ್ಲ," ಎಂದಳು.

ಚಾನೆಲ್ಲಿಗೆ ಇನ್ನೊಂದು ಪತ್ರ ಬರೆಯಲು ಕೂತೆ. ಆ ಹೆಂಗಸಿನ ಅಳು ಅಸಲಿ, ನಾನು ಖುದ್ದಾಗಿ ಬಲ್ಲೆ, ಆಕೆಯನ್ನು ವಾಪಸು ಕರೆಯತಕ್ಕದ್ದು ಎಂದು ಬರೆದೆ. ತೋರಿಸಿದೆ. ಓದಿ ಹರಿದುಹಾಕಿದಳು. "ಸರ್ಟಿಫಿಕೇಟ್ ಬೇಡ ನಂಗೆ," ಎಂದಳು.

ಮಾರ್ಚ್ 15, ಶನಿವಾರ

ಇವತ್ತು ಸ್ಪರ್ಧೆಯ ಕೊನೆಯ ಸುತ್ತು. ನರ್ಸ್ ಮತ್ತು ಬಸ್ ಚಾಲಕ ಉಳಿದಿದ್ದರು. ಏಳಕ್ಕೆ ಐದು ನಿಮಿಷ ಇರುವಾಗ ಟಿವಿ ಹಾಕಿದೆ. ಮೊದಲ ಬಾರಿಗೆ ಇವಳು ಅಡುಗೆಮನೆಗೆ ಹೋಗದೆ ಬಂದು ಪಕ್ಕದಲ್ಲಿ ಕೂತಳು. ಜಾಹೀರಾತು ಬರುತ್ತಿತ್ತು, ಸಾಬೂನಿನದು. ನೋಡನೋಡುತ್ತಲೇ ಇವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಣಿಯತೊಡಗಿತು.

ನಾಲಿಗೆಯ ತುದಿಗೆ ಅದೇ ಬಂತು, ನಾಲ್ಕು ಹತ್ತಕ್ಕೆ ಎಂದು. ಹಲ್ಲು ಕಚ್ಚಿ ಹಿಡಿದೆ. ಟಿವಿ ಆರಿಸಿದೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳ ಬೆನ್ನಿನ ಮೇಲಿಟ್ಟೆ. ಬಹಳ ಹೊತ್ತು ಅತ್ತಳು. ಎಷ್ಟು ಹೊತ್ತು ಎಂದು ನೋಡಿಕೊಳ್ಳಲಿಲ್ಲ.

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ತಾನಾಗಿಯೇ ಹೇಳಿದಳು.

"ಅವತ್ತು ಏನೂ ಆಗಲಿಲ್ಲ ರೀ. ನರ್ಸ್ ದಿಂಬು ಸರಿಮಾಡಿ ಹೋದ್ಲು, ಅಷ್ಟೇ. ಪುಟ್ಟಿಗೆ ಎಚ್ಚರ ಇತ್ತು. 'ಅಪ್ಪ ಎಲ್ಲಿ?' ಅಂತ ಕೇಳಿದ್ಲು. ಔಷಧಿ ತರೋಕೆ ಹೋಗಿದ್ದಾರೆ ಅಂದೆ. ಆಮೇಲೆ ಇನ್ನೊಂದು ಸಲ ಕೇಳಿದ್ಲು. ಇನ್ನೂ ಬಂದಿಲ್ಲ ಅಂದೆ. ಅದಕ್ಕೇ ನಿಮಗೆ ಹೇಳಿರಲಿಲ್ಲ. ಕೇಳಿದ್ಲು, ನೀವು ಇರಲಿಲ್ಲ ಅಂತ ಹೇಗೆ ಹೇಳ್ಲಿ ನಾನು?"

ನಾನು ಕೆಳಗೆ ಒಂದು ತಾರೀಖಿಗಾಗಿ ನಿಂತಿದ್ದೆ.

"ಆಮೇಲೆ?" ಎಂದೆ.

"ಆಮೇಲೆ ನಕ್ಳು ರೀ. 'ಕೆಳಗೆ ಯಾರ ಜೊತೆಗೋ ಜಗಳ ಹಿಡ್ಕೊಂಡಿರ್ತಾರೆ ಬಿಡಮ್ಮ. ಪಾಪ, ಆ ಅಂಗಡಿಯವನಿಗೆ ಒಂದು ಲೋಟ ನೀರು ಕಳಿಸು' ಅಂದ್ಲು. ಹಾಗೇ ಕಣ್ಣು ಮುಚ್ಚಿದ್ಲು."

ನಾನು ನಕ್ಕುಬಿಟ್ಟೆ. ಥೇಟ್ ಮಗಳ ಮಾತು. ಚಿಕ್ಕಂದಿನಿಂದ ನನ್ನನ್ನು ಹೀಗೆಯೇ ಆಡಿಕೊಳ್ಳುತ್ತಿದ್ದಳು. ಮೂರು ವರ್ಷ ಅವಳ ಗಂಟೆ, ಡಿಗ್ರಿ, ಬಾಟಲಿ ನಂಬರು ಎಲ್ಲ ಬರೆದಿಟ್ಟೆ, ಅವಳ ದನಿಯನ್ನು ಮರೆತೇ ಬಿಟ್ಟಿದ್ದೆ. ನಗುತ್ತಿದ್ದವನಿಗೆ ಅಳು ಬಂತು, ಜೋರಾಗಿಯೇ ಬಂತು. ಇವಳು ಏನೂ ಕೇಳಲಿಲ್ಲ.

ಎದುರು ಮನೆಯ ಟಿವಿಯಿಂದ ಚಪ್ಪಾಳೆ ಕೇಳಿಸುತ್ತಿತ್ತು. ಯಾರು ಗೆದ್ದರೋ ನೋಡಲಿಲ್ಲ. ನನ್ನ ಬೆನ್ನ ಹಿಂದೆ ಮಗಳು ಇನ್ನೂ ಏನೇನು ಆಡಿಕೊಂಡು ನಗುತ್ತಿದ್ದಳು ಎಂದು ಇವಳನ್ನು ಕೇಳಿದೆ. ಬಹಳ ಇದೆಯಂತೆ. ಇವಳು ಕಾಲು ಮೇಲೆತ್ತಿ ಕೂತು ಒಂದೊಂದಾಗಿ ಹೇಳತೊಡಗಿದಳು.